ಹೇಳುವವರು ಮತ್ತು ಆಳುವವರು

2014ರ ಅಡಿಕೆ ಕೊಯ್ಲಿನ ಕಾಲ. ಶಿರಸಿ ಸೀಮೆಯ ನಮ್ಮೂರ ಶಾಲೆಯ ಜಗಲಿಯಲ್ಲಿ ಗ್ರಾಮಸಭೆ ಸೇರಿತ್ತು. ಪಶ್ಚಿಮಘಟ್ಟದ ಬಗ್ಗೆ ಕಸ್ತೂರಿರಂಗನ್ ಸಮಿತಿ ಕೊಟ್ಟ ವರದಿಗೆ ಊರಿನವರ ಅಭಿಪ್ರಾಯ ಏನೆಂದು ಬರೆದು ಕಳಿಸಬೇಕಾಗಿತ್ತು. ವರದಿ ಮಾತ್ರ ಸಭೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಇದ್ದದ್ದು ಹಳ್ಳಿಗಳ ಹೆಸರಿನ ಒಂದು ಪಟ್ಟಿ. ಅದರಲ್ಲಿ ನಮ್ಮ ಹಳ್ಳಿಯ ಹೆಸರು ನಾವೇ ಗುರುತು ಹಿಡಿಯದಷ್ಟು ತಪ್ಪಾಗಿ ಅಚ್ಚಾಗಿತ್ತು. ನನಗೆ ಇಂಗ್ಲಿಷ್ ಬರುತ್ತದೆ, ಕಸ್ತೂರಿರಂಗನ್ ವರದಿಯನ್ನೂ ಅದಕ್ಕೆ ಮುಂಚಿನ ಗಾಡ್ಗೀಳ್ ವರದಿಯನ್ನೂ ಓದಿದ್ದೇನೆ ಎಂಬುದು ಊರಿಗೆ ಗೊತ್ತಿದ್ದರಿಂದ ವಿವರಿಸುವ ಕೆಲಸ ನನ್ನ ತಲೆಗೆ ಬಂತು. ಕಾಲು ಗಂಟೆ ಮಾತಾಡಿದೆ. ಗಣಿಗಾರಿಕೆ, ಅಣೆಕಟ್ಟು, ಗುಡ್ಡ ಕುಸಿತ, ಮಳೆಯ ಲೆಕ್ಕ ತಪ್ಪಿರುವುದು, ಎಲ್ಲವನ್ನೂ ಹೇಳಿದೆ. ಚೆನ್ನಾಗಿಯೇ ಹೇಳಿದೆ ಎಂಬ ಭಾವನೆಯಲ್ಲಿ ಕುಳಿತೆ.

ಕಂಬಕ್ಕೊರಗಿ ಕೂತಿದ್ದ ಹಿರಿಯ ಒಕ್ಕಲಿಗರೊಬ್ಬರು ಬಾಯಲ್ಲಿದ್ದ ಕವಳ ಉಗಿದು ಬಂದು ಕೇಳಿದರು: “ಹೆಗಡೇರೇ, ನೀವು ಹೇಳಿದ್ದೆಲ್ಲ ಸೈ. ಇದ್ಕೆ ಗಾರ್ಡು ಯಾರು?”

ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆದರೆ ಅವರು ನಗಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ.

ಅವರು ಕೇಳಿದ್ದನ್ನೇ ದೆಹಲಿಯಲ್ಲಿ, ಲಂಡನ್ನಿನಲ್ಲಿ ದೊಡ್ಡ ದೊಡ್ಡವರು ಬೇರೆ ಮಾತುಗಳಲ್ಲಿ ಕೇಳಿಕೊಳ್ಳುತ್ತಿದ್ದಾರೆ. ಹವೆ, ನೀರು, ಕಾಡುಗಳ ವಿಷಯ ಬಲ್ಲವರ ಸಮಿತಿಯನ್ನು ಸರ್ಕಾರ ನೇಮಿಸುತ್ತದಲ್ಲ, ಆ ಸಮಿತಿ ಬರೀ ಹೇಳುವ ಸಮಿತಿಯಾಗಿರಬೇಕೋ, ಅಥವಾ ಹೇಳಿದ್ದನ್ನು ಮಾಡಿಸುವ ಅಧಿಕಾರವೂ ಅದಕ್ಕಿರಬೇಕೋ? ಆ ದಿನದವರೆಗೆ ನಾನು ಎರಡನೆಯ ಪಕ್ಷದವನು. ಸಲಹೆ ಎಂದರೆ ಮೇಜಿನ ಖಾನೆಯಲ್ಲಿ ಗೆದ್ದಲು ತಿನ್ನುವ ಕಾಗದ, ಬಲ್ಲವರ ಕೈಗೆ ಕೋಲು ಕೊಡದೆ ಕಾಡು ಉಳಿಯುವುದಿಲ್ಲ ಎಂದು ಸಿಕ್ಕ ಸಿಕ್ಕಲ್ಲಿ ವಾದಿಸುತ್ತಿದ್ದೆ. ಆಮೇಲೆ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದಾಗ ತಿಳಿದದ್ದೇನೆಂದರೆ, ಆ ಕೋಲನ್ನು ಒಮ್ಮೆ ಕೊಟ್ಟು ನೋಡಿಯಾಗಿದೆ; ಅದೂ ಬೇರೆಲ್ಲೋ ಅಲ್ಲ, ನಮ್ಮದೇ ಘಟ್ಟದ ಮೇಲೆ. ಕಾರಣವೂ ಹೆಚ್ಚು ಕಡಿಮೆ ಇಂದಿನದೇ: ಕಾಡು ಹೋದರೆ ಹವೆ ಕೆಡುತ್ತದೆ, ನೀರು ಬತ್ತುತ್ತದೆ ಎಂಬ ಭಯ.

ಈ ಕಥೆಯ ಮೊದಲಲ್ಲಿರುವವರೆಲ್ಲ ವೈದ್ಯರು ಎಂಬುದು ನನಗೆ ಸ್ವಾರಸ್ಯವಾಗಿ ಕಾಣುತ್ತದೆ. ಕಂಪನಿ ಸರ್ಕಾರದಲ್ಲಿ ಗಿಡಮರಗಳ ಶಾಸ್ತ್ರ ಓದಿಕೊಂಡವರೆಂದರೆ ಹೆಚ್ಚಾಗಿ ಸರ್ಜನ್ನರೇ. ಮುಂಬಯಿ ಕಡೆ ಅಲೆಕ್ಸಾಂಡರ್ ಗಿಬ್ಸನ್, ಮದ್ರಾಸಿನಲ್ಲಿ ಎಡ್ವರ್ಡ್ ಬಾಲ್ಫೋರ್, ಮತ್ತು ನಮಗೆ ಎಲ್ಲರಿಗಿಂತ ಹತ್ತಿರದವನಾದ ಹ್ಯೂ ಕ್ಲೆಗಾರ್ನ್. ಈತ 1820ರಲ್ಲಿ ಮದ್ರಾಸಿನಲ್ಲೇ ಹುಟ್ಟಿದ ಸ್ಕಾಟ್ಲೆಂಡಿನವ. ಎಡಿನ್‌ಬರೋದಲ್ಲಿ ವೈದ್ಯ ಓದಿ 1842ರಲ್ಲಿ ಕಂಪನಿಯ ಕೆಲಸಕ್ಕೆ ಬಂದ. 1840ರ ದಶಕದ ನಡುವಿನ ಕೆಲವು ವರ್ಷ ಶಿವಮೊಗ್ಗೆಯಲ್ಲಿದ್ದ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು, ಮಾರ್ಕ್ ಕಬ್ಬನ್ ಕಮಿಷನರ್. ಕ್ಲೆಗಾರ್ನ್ ಅಲ್ಲಿ ರೋಗಿಗಳನ್ನು ನೋಡುತ್ತ, ಬಿಡುವಿನಲ್ಲಿ ಗಿಡಗಳನ್ನು ಕೂಡಿಸುತ್ತ, ಸ್ಥಳೀಯ ಚಿತ್ರಕಾರರ ಕೈಯಲ್ಲಿ ಅವುಗಳ ಚಿತ್ರ ಬರೆಸುತ್ತಿದ್ದ. ಮಲೆನಾಡಿನ ಆ ಗಿಡಗಳ ಚಿತ್ರಗಳು ಇವತ್ತಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಜೋಪಾನವಾಗಿವೆ.

ಈ ವೈದ್ಯರ ತಲೆಯಲ್ಲೆಲ್ಲ ಆಗ ಓಡುತ್ತಿದ್ದದ್ದು ಒಂದೇ ವಿಚಾರ. ಮರ ಕಡಿದ ದ್ವೀಪಗಳಲ್ಲಿ ತೊರೆಗಳು ಬತ್ತಿವೆ, ಕೊಂಕಣದಲ್ಲಿ ಕಾಡು ಬೋಳಾದ ಕಡೆ ಒರತೆ ನಿಂತಿದೆ, ಹಾಗಾದರೆ ಇಡೀ ಹಿಂದೂಸ್ತಾನವೇ ಒಣಗುತ್ತದೆಯೇ? ಬಾಲ್ಫೋರ್ 1849ರಲ್ಲಿ ಮರಗಳಿಗೂ ಮಳೆಗೂ ಇರುವ ಸಂಬಂಧದ ಬಗ್ಗೆ ಮದ್ರಾಸಿನ ಪತ್ರಿಕೆಯಲ್ಲಿ ಬರೆದ. ರಜೆಯ ಮೇಲೆ ಊರಿಗೆ ಹೋಗಿದ್ದ ಕ್ಲೆಗಾರ್ನ್ 1850ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಎಡಿನ್‌ಬರೋ ಸಭೆಯಲ್ಲಿ ಈ ಮಾತೆತ್ತಿದ. ಸಂಘ ಒಂದು ಸಮಿತಿ ಮಾಡಿತು. ಸಮಿತಿ 1851ರಲ್ಲಿ ಇಪ್ಸ್‌ವಿಚ್ ಸಭೆಗೆ ವರದಿ ಕೊಟ್ಟಿತು. ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಪರಿಣಾಮ ಎಂಬುದು ಅದರ ವಿಷಯ. ಇಂದಿನ ಹವಾಮಾನ ಸಮಿತಿಗಳ ಮುತ್ತಜ್ಜ ಎಂದು ಅದನ್ನು ಕರೆದರೆ ತಪ್ಪಾಗಲಾರದು. ಅದು ಶುದ್ಧವಾಗಿ ಹೇಳುವ ಸಮಿತಿ. ಅದಕ್ಕೆ ಒಬ್ಬ ಜವಾನನ ಮೇಲೂ ಅಧಿಕಾರವಿರಲಿಲ್ಲ.

ಆ ವರದಿಯಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು ಅದರ ಪ್ರಾಮಾಣಿಕತೆ. ಕಾಡು ಮಳೆಯನ್ನು ಹೆಚ್ಚಿಸುತ್ತದೆ ಎಂದು ಖಚಿತವಾಗಿ ಹೇಳಲು ಪುರಾವೆ ಸಾಲದು ಎಂದು ಒಪ್ಪಿಕೊಂಡ ವರದಿ, ನೆಲದ ತೇವವನ್ನೂ ಒರತೆಗಳನ್ನೂ ಕಾಡು ಹಿಡಿದಿಡುತ್ತದೆ ಎನ್ನುವಾಗ ಮಾತ್ರ ಗಟ್ಟಿಯಾಗಿ ಮಾತಾಡಿತು. ಎರಡನೆಯದು, ಕಾಡು ಹಾಳಾಗಲು ಯಾರು ಕಾರಣ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ: ಸ್ಥಳೀಯ ಜನರ ಅಜಾಗರೂಕತೆ. ಘಟ್ಟದ ಜನ ಕುಮರಿ ಮಾಡುತ್ತಿದ್ದರು. ಗುಡ್ಡದ ಒಂದು ತುಂಡು ಕಡಿದು ಸುಟ್ಟು, ಬೂದಿಯಲ್ಲಿ ರಾಗಿಯನ್ನೋ ಸಾಮೆಯನ್ನೋ ಬಿತ್ತಿ, ಒಂದೆರಡು ಬೆಳೆ ತೆಗೆದು, ಮತ್ತೆ ಕಾಡು ಬೆಳೆಯಲು ಬಿಟ್ಟು ಮುಂದಿನ ಗುಡ್ಡಕ್ಕೆ ಹೋಗುತ್ತಿದ್ದರು. ಹೊಗೆ ದೂರಕ್ಕೆ ಕಾಣುತ್ತದೆ. ಹಡಗು ಕಟ್ಟಲು ಸಾಗಿಸುವ ಸಾಗವಾನಿಯ ದಿಮ್ಮಿ ಹೊಳೆಯಲ್ಲಿ ಸದ್ದಿಲ್ಲದೆ ತೇಲಿ ಹೋಗುತ್ತದೆ.

1856ರಲ್ಲಿ ಕ್ಲೆಗಾರ್ನ್ ಮದ್ರಾಸ್ ಪ್ರಾಂತದ ಕಾಡುಗಳ ಕನ್ಸರ್ವೇಟರ್ ಆದ. ಹೇಳುವವನು ಆಳುವವನಾದ. ಉತ್ತರ ಕನ್ನಡ ಮುಂಬಯಿಗೆ ಸೇರಿದ್ದು 1862ರಲ್ಲಿ; ಅಲ್ಲಿಯವರೆಗೆ ಮದ್ರಾಸಿನದೇ ಆದ್ದರಿಂದ ಆರು ವರ್ಷ ನಮ್ಮ ಶಿರಸಿ ಸೀಮೆಯ ಕಾಡೂ ಅವನ ಹದ್ದಿನಲ್ಲೇ ಇತ್ತು. 1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡಕೂಡದೆಂದು ಆಜ್ಞೆ ಮಾಡಿತು. ಕ್ಲೆಗಾರ್ನ್ ಅದರ ಪರವಾಗಿದ್ದ. ಆತ ಕೆಟ್ಟ ಮನುಷ್ಯನಲ್ಲ. ರೈಲ್ವೆಯವರು ಕಾಡು ತಿನ್ನುವ ವೇಗ ಕಂಡು ಗಾಬರಿಗೊಂಡು ಬರೆದವರಲ್ಲಿ ಅವನೂ ಒಬ್ಬ. ಒಂದು ಮೈಲಿ ಹಳಿಗೆ 1,760ರಿಂದ 2,000 ಸ್ಲೀಪರು ಬೇಕು. 1850ರ ದಶಕದ ಹೊತ್ತಿಗೆ ಮದ್ರಾಸ್ ಪ್ರಾಂತವೊಂದರಲ್ಲೇ ಸ್ಲೀಪರಿಗಾಗಿ ವರ್ಷಕ್ಕೆ 35,000 ಮರ ಉರುಳುತ್ತಿದ್ದವು. ಆದರೆ ಕನ್ಸರ್ವೇಟರನ ಕೈಗೆ ಸಿಕ್ಕ ಅಧಿಕಾರ ಯಾರ ಮೇಲೆ ನಡೆಯುತ್ತದೆ? ರೈಲ್ವೆ ಕಂಪನಿಯ ಮೇಲೆ ನಡೆಯುವುದಿಲ್ಲ. ಕುಮರಿಯವನ ಮೇಲೆ ನಡೆಯುತ್ತದೆ.

1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಇಡೀ ಭಾರತಕ್ಕೆ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದಾಗ ಅರಣ್ಯ ಇಲಾಖೆ ಪೂರ್ಣರೂಪಕ್ಕೆ ಬಂತು. 1865ರಲ್ಲಿ ಒಂದು ಕಾಯಿದೆ, ಅದು ಸಾಲದೆಂದು 1878ರಲ್ಲಿ ಇನ್ನೊಂದು. ಎರಡನೆಯದಕ್ಕೆ ಮುಂಚೆ ನಡೆದ ಚರ್ಚೆ ನಮ್ಮ ಪ್ರಶ್ನೆಗೆ ಬಹಳ ಮುಖ್ಯ. ಬೇಡನ್ ಪೊವೆಲ್ ಎಂಬ ಅಧಿಕಾರಿ, ಪಟ್ಟಾ ಇಲ್ಲದ ಕಾಡೆಲ್ಲ ಸರ್ಕಾರದ್ದು, ಜನರಿಗಿರುವುದು ಹಕ್ಕಲ್ಲ, ಬರೀ ಸವಲತ್ತು ಎಂದು ವಾದಿಸಿದ. ಬ್ರಾಂಡಿಸ್ ಊರಿಗೊಂದು ಊರಕಾಡು ಇರಬೇಕು, ಅದನ್ನು ಊರಿನವರು ನೋಡಿಕೊಳ್ಳಬೇಕು ಎಂದ. ಮದ್ರಾಸ್ ಸರ್ಕಾರವಂತೂ ಜನರ ಹಕ್ಕನ್ನು ಹೀಗೆ ಕಿತ್ತುಕೊಳ್ಳುವುದು ಅನ್ಯಾಯ ಎಂದೇ ತಕರಾರು ತೆಗೆಯಿತು. ಗೆದ್ದದ್ದು ಬೇಡನ್ ಪೊವೆಲ್‌ನ ವಾದ. ಕಾಯಿದೆಯಲ್ಲಿ ಊರಕಾಡಿಗೆ ಒಂದು ಅಧ್ಯಾಯ ಇತ್ತು. ಕಾಗದದಿಂದ ಇಳಿದು ಅದು ನೆಲಕ್ಕೆ ಬಂದದ್ದು ತೀರ ಕಡಿಮೆ.

ಇಲಾಖೆಯ ಮೂಲದಲ್ಲಿ ಒರತೆಯ ಚಿಂತೆ ಇತ್ತಲ್ಲ, ಅದೇನಾಯಿತು? ಅದು ವರದಿಗಳ ಮುನ್ನುಡಿಗೆ ಹೋಗಿ ಕುಳಿತುಕೊಂಡಿತು. ಒಳಗಿನ ಪುಟಗಳಲ್ಲಿ ಇದ್ದದ್ದು ದಿಮ್ಮಿಯ ಲೆಕ್ಕ ಮತ್ತು ವರಮಾನ. ಜಾನ್ ವೋಲ್ಕರ್ ಎಂಬ ಕೃಷಿ ರಸಾಯನಶಾಸ್ತ್ರಜ್ಞನನ್ನು ಸರ್ಕಾರವೇ ಕರೆಸಿ ದೇಶವೆಲ್ಲ ತಿರುಗಾಡಿಸಿತು. ಅವನ ವರದಿ 1893ರಲ್ಲಿ ಪ್ರಕಟವಾಯಿತು. ಅರಣ್ಯ ಇಲಾಖೆ ವರಮಾನದ ಮೇಲೆ ಕಣ್ಣಿಟ್ಟಿದೆ, ರೈತನ ಸೌದೆ, ಸೊಪ್ಪು, ಮೇವಿಗೆ ಕಾಡು ಆಗಿಬರಬೇಕು, ಇಲ್ಲದಿದ್ದರೆ ರೈತ ಸೆಗಣಿಯನ್ನು ಒಲೆಗೆ ಹಾಕುತ್ತಾನೆ, ಹೊಲ ಬಡವಾಗುತ್ತದೆ ಎಂದು ಆತ ಸ್ಪಷ್ಟವಾಗಿ ಬರೆದ. ಮರುವರ್ಷವೇ ಸರ್ಕಾರ ಅರಣ್ಯ ನೀತಿಯ ಒಂದು ಗೊತ್ತುವಳಿ ಹೊರಡಿಸಿ ಕೃಷಿಗೆ ಪ್ರಾಶಸ್ತ್ಯ ಎಂಬ ಮಾತನ್ನು ಸೇರಿಸಿತು. ಮಾತು ಸೇರಿತು ಅಷ್ಟೆ. ಹೀಗೆ ಅಧಿಕಾರವುಳ್ಳ ತಜ್ಞರ ಇಲಾಖೆಯೊಂದು ತಲೆ ಎತ್ತಿ ನಿಂತ ಮೇಲೆ, ಅದಕ್ಕೆ ಬುದ್ಧಿ ಹೇಳಲು ಬಂದ ಮತ್ತೊಬ್ಬ ತಜ್ಞ ಬರೀ ಹೇಳುವವನಾಗಿ ಉಳಿದ.

ನಮ್ಮ ಕಡೆ ಅಡಿಕೆ ತೋಟದ ಎಕರೆಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ಏರ್ಪಾಡು ಬಂದದ್ದು ಆ ಕಾಲದಲ್ಲೇ. ಸೊಪ್ಪು, ದರಕು, ಕರಡ ತರಬಹುದು, ನೆಲ ಮಾತ್ರ ಸರ್ಕಾರದ್ದು. ನಮಗೆ ಅದು ದೊಡ್ಡ ಉಪಕಾರ, ಸುಳ್ಳು ಹೇಳಬಾರದು. ನನ್ನ ಅಜ್ಜನ ತೋಟ ಬದುಕಿದ್ದು ಆ ಬೆಟ್ಟದ ಸೊಪ್ಪಿನಿಂದ. ಆದರೆ ತೋಟವೇ ಇಲ್ಲದವನಿಗೆ, ಕುಮರಿಯಿಂದ ಇಳಿಸಲ್ಪಟ್ಟು ನಮ್ಮ ತೋಟಗಳಿಗೆ ಆಳಾಗಿ ಬಂದವನಿಗೆ, ಸಿಕ್ಕಿದ್ದು ಗಾರ್ಡು ಮಾತ್ರ. ಗಾರ್ಡಿಗೆ ಮುಂಗೈ ಮುಚ್ಚಿ ಏನಾದರೂ ಕೊಡುವುದು, ಜಂಬಿಟ್ಟಿಗೆಯ ಗೋಡೆಯ ಹಿಂದೆ ಸೌದೆ ಅಡಗಿಸುವುದು, ರೇಂಜರು ಬಂದರೆಂದರೆ ಗಂಡಸರು ಊರು ಬಿಡುವುದು, ಇವೆಲ್ಲ ನಾನು ಚಿಕ್ಕಂದಿನಲ್ಲಿ ಕೇಳುತ್ತ ಬೆಳೆದ ಕಥೆಗಳು. 1930ರ ಅರಣ್ಯ ಸತ್ಯಾಗ್ರಹದಲ್ಲಿ ನಮ್ಮ ಜಿಲ್ಲೆಯ ಜನ ಕಾಡಿನ ಕಾಯಿದೆ ಮುರಿದೇ ಜೈಲಿಗೆ ಹೋದರು. ಉಪ್ಪಿನ ಕಾಯಿದೆಗಿಂತ ಕಾಡಿನ ಕಾಯಿದೆ ಅವರ ಮೈಗೆ ಹೆಚ್ಚು ತಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಗಾರ್ಡಿನ ಟೊಪ್ಪಿಗೆ ಬದಲಾಯಿತು. 1958ರಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ನಮ್ಮ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋಯಿತು. ಬುಟ್ಟಿ ಹೆಣೆಯುವ ಮೇದಾರ ಅದೇ ಬಿದಿರಿಗೆ ಪೇಟೆಯಲ್ಲಿ ಎಷ್ಟೋ ಪಟ್ಟು ಕೊಡಬೇಕಾಗಿತ್ತು. ಬಿದಿರು ತೀರುತ್ತ ಬಂದು ಮೇದಾರರ ದೂರು ಏರಿದಾಗ 1970ರ ದಶಕದಲ್ಲಿ ರಾಜ್ಯ ಸರ್ಕಾರ ಮಾಧವ ಗಾಡ್ಗೀಳರನ್ನು ಅಧ್ಯಯನಕ್ಕೆ ಹಚ್ಚಿತು. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರು ಕಂಡುಕೊಂಡ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬ ಶಾಸ್ತ್ರವನ್ನು ನಂಬಿ ಇಲಾಖೆಯವರು ಮುಳ್ಳು ತೆಗೆಸುತ್ತಿದ್ದರು. ಹಳ್ಳಿಯವರು, ಹಾಗೆ ಮಾಡಬೇಡಿ, ಎಳೆ ಕಳಲೆಯನ್ನು ದನ, ಕಾಡುಪ್ರಾಣಿ ತಿಂದುಬಿಡುತ್ತವೆ, ಮುಳ್ಳೇ ಅದರ ಬೇಲಿ ಎನ್ನುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ನೂರು ವರ್ಷ ಅಧಿಕಾರ ನಡೆಸಿದ ತಜ್ಞರಿಗೆ ಇದು ಗೊತ್ತಾಗಲಿಲ್ಲವೇ ಎಂದು ಆಶ್ಚರ್ಯವಾಗುತ್ತದೆ. ದಂಡ ಹಾಕುವವನ ಎದುರಿಗೆ ಯಾರೂ ತಾವು ಕಂಡದ್ದನ್ನು ಹೇಳುವುದಿಲ್ಲ. ಗೊತ್ತಾಗುವುದಾದರೂ ಹೇಗೆ?

ಹೇಳುವ ಕೆಲಸಕ್ಕೂ ಬೆಲೆ ಬರಬಹುದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಬೇಡ್ತಿ ಪ್ರಕರಣದಲ್ಲಿ. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ, ಅಂದರೆ ಅಡಿಕೆ ಮಾರುವವರ ಸಂಸ್ಥೆ, ತಾನೇ ಮುಂದಾಗಿ ಯೋಜನೆಯ ಲಾಭನಷ್ಟದ ಅಧ್ಯಯನ ಮಾಡಿಸಿತು. 1981ರಲ್ಲಿ ಶಿರಸಿಯಲ್ಲೇ ವಿಚಾರಸಂಕಿರಣ ನಡೆಯಿತು. ವಿಜ್ಞಾನಿಗಳು, ಇಂಜಿನಿಯರುಗಳು, ತೋಟಿಗರು ಒಂದೇ ಚಪ್ಪರದಡಿ ಕೂತು ಲೆಕ್ಕ ಹಾಕಿದರು. ಯಾರಿಗೂ ಅಧಿಕಾರವಿರಲಿಲ್ಲ. ಯೋಜನೆ ನಿಂತಿತು. ನಾನು ಅಲ್ಲಿ ಕುರ್ಚಿ ಹಾಕುವ ಹುಡುಗರಲ್ಲಿ ಒಬ್ಬ. ಹೇಳುವವರನ್ನು ಅಲ್ಲಿ ಕರೆಸಿದವರು ಜನ, ಕೇಳಿಸಿಕೊಂಡವರು ಜನ, ಆದ್ದರಿಂದ ಸರ್ಕಾರವೂ ಕೇಳಿಸಿಕೊಳ್ಳಬೇಕಾಯಿತು. ಇದೆಲ್ಲ ನನಗೆ ಹೊಳೆದದ್ದು ಬಹಳ ತಡವಾಗಿ. ಆಗ ಕಂಡದ್ದು ಊಟದ ಪಂಕ್ತಿ ಮಾತ್ರ.

ಅದೇ ಗಾಡ್ಗೀಳರು 2010ರ ಮಾರ್ಚಿನಲ್ಲಿ ಪಶ್ಚಿಮಘಟ್ಟದ ತಜ್ಞ ಸಮಿತಿಯ ಅಧ್ಯಕ್ಷರಾದರು. ಆಗ ಪರಿಸರ ಮಂತ್ರಿಯಾಗಿದ್ದವರು ಜೈರಾಮ್ ರಮೇಶ್. ಗುಜರಾತಿನಿಂದ ತಮಿಳುನಾಡಿನವರೆಗೆ ಆರು ರಾಜ್ಯಗಳ ಘಟ್ಟವನ್ನು ನೋಡಿ 2011ರ ಆಗಸ್ಟ್ 31ರಂದು ಸಮಿತಿ ವರದಿ ಒಪ್ಪಿಸಿತು. ಇಡೀ ಘಟ್ಟವನ್ನು ಮೂರು ದರ್ಜೆಯ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಆಗಬಹುದು, ಏನು ಆಗಬಾರದು ಎಂದು ಹೇಳಿತು. ಹಾಸನ ಜಿಲ್ಲೆಯ ಗುಂಡ್ಯ ವಿದ್ಯುತ್ ಯೋಜನೆ ಬೇಡವೆಂದಿತು. ಸಲಹೆಯ ಗತಿ ಏನೆಂದು ಮೂವತ್ತು ವರ್ಷ ಕಂಡಿದ್ದ ಗಾಡ್ಗೀಳರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, 1986ರ ಪರಿಸರ ಸಂರಕ್ಷಣಾ ಕಾಯಿದೆಯ ಬಲದಲ್ಲಿ ಒಂದು ಪಶ್ಚಿಮಘಟ್ಟ ಪ್ರಾಧಿಕಾರ ಬೇಕು, ಅದರ ಕೈಕೆಳಗೆ ರಾಜ್ಯಕ್ಕೊಂದು, ಜಿಲ್ಲೆಗೊಂದು ಸಮಿತಿ ಬೇಕು ಎಂದರು. ಜತೆಗೆ, ಯಾವುದೂ ಮೇಲಿನಿಂದ ಹೇರಿದ್ದಾಗಬಾರದು, ವಲಯಗಳ ಗಡಿಯನ್ನೂ ನಿಯಮಗಳನ್ನೂ ಗ್ರಾಮಸಭೆಗಳು ಚರ್ಚಿಸಿ ತಿದ್ದಬೇಕು ಎಂದೂ ಸೇರಿಸಿದರು.

ಈ ಎರಡನೆಯ ಮಾತು ಗ್ರಾಮಸಭೆಗಳಿಗೆ ತಲುಪಲೇ ಇಲ್ಲ. ಮಂತ್ರಾಲಯ ವರದಿಯನ್ನು ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಿತು. ಮಂತ್ರಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲೂ ಸೋತು 2012ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಸುಮಾರು ಒಂಬತ್ತು ತಿಂಗಳು ಕಳೆದಿತ್ತು. ಬಂದದ್ದಾದರೂ ಇಂಗ್ಲಿಷಿನಲ್ಲಿ, ನೂರಾರು ಪುಟ. ಸಲಹೆಯನ್ನು ಒಪ್ಪದಿರಲು ಸರ್ಕಾರಕ್ಕೆ ಹಕ್ಕಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಲಹೆಯನ್ನೇ ಬಚ್ಚಿಡಲು ಯಾವ ಹಕ್ಕಿದೆ?

ಬಚ್ಚಿಟ್ಟ ವರದಿಯ ಬಗ್ಗೆ ಗಾಳಿಮಾತು ಹುಟ್ಟುತ್ತದೆ. ಬಚ್ಚಲಿಗೆ ಸೌದೆ ತರುವಂತಿಲ್ಲ, ಮನೆಗೆ ಹಂಚು ಬದಲಿಸುವಂತಿಲ್ಲ, ದನ ಸಾಕುವಂತಿಲ್ಲ, ಹುಲಿಗಾಗಿ ಊರು ಖಾಲಿ ಮಾಡಿಸುತ್ತಾರೆ. ಇದರಲ್ಲಿ ಒಂದೂ ಆ ವರದಿಯಲ್ಲಿಲ್ಲ. ಆದರೆ ನಂಬುವುದಕ್ಕೆ ಇದರಷ್ಟು ಸುಲಭವಾದದ್ದು ನಮ್ಮ ಸೀಮೆಯಲ್ಲಿ ಬೇರೊಂದಿಲ್ಲ. ಯಾಕೆಂದರೆ ಸೌದೆಯ ಮಾತು, ದನದ ಮಾತು, ಊರು ಬಿಡಿಸಿದ ಮಾತು ಅಜ್ಜನ ಕಾಲದಲ್ಲಿ ನಿಜವಾಗಿದ್ದವು. ಪ್ರಾಧಿಕಾರ ಎಂಬ ಪದ ಕಿವಿಗೆ ಬಿದ್ದೊಡನೆ ಜನರ ಕಣ್ಣ ಮುಂದೆ ನಿಂತದ್ದು ಗಾಡ್ಗೀಳರಲ್ಲ, ಖಾಕಿ ಅಂಗಿಯ ಗಾರ್ಡು. ಕೇರಳದಲ್ಲಿ 2013ರ ನವೆಂಬರಿನಲ್ಲಿ ಇದೇ ಸಿಟ್ಟಿನಲ್ಲಿ ತಾಮರಶ್ಶೇರಿಯ ಅರಣ್ಯ ಕಚೇರಿಗೆ ಬೆಂಕಿ ಬಿತ್ತು. ವರದಿ ಬರೆದವರಿಗೂ ಆ ಕಚೇರಿಗೂ ಏನೂ ಸಂಬಂಧವಿರಲಿಲ್ಲ. ಜನ ಸುಟ್ಟದ್ದು ಹಳೆಯ ಲೆಕ್ಕ. ಕಾಡಿನ ಹೆಸರಿನಲ್ಲಿ ಒಂದು ಕಾಲದ ತಜ್ಞರು ನಡೆಸಿದ ದರ್ಬಾರಿನ ಸಾಲವನ್ನು ಇನ್ನೊಂದು ಕಾಲದ ತಜ್ಞರು, ಅದೂ ಆ ದರ್ಬಾರನ್ನು ಜೀವಮಾನವಿಡೀ ಟೀಕಿಸಿದವರು, ತೀರಿಸಬೇಕಾಯಿತು.

ಕಸ್ತೂರಿರಂಗನ್ ನೇತೃತ್ವದ ಎರಡನೆಯ ಸಮಿತಿ 2012ರ ಆಗಸ್ಟಿನಲ್ಲಿ ನೇಮಕವಾಗಿ 2013ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಉಪಗ್ರಹದ ಚಿತ್ರ ನೋಡಿ ಘಟ್ಟದ ಸುಮಾರು ಶೇಕಡಾ 37ರಷ್ಟನ್ನು ಮಾತ್ರ ಸೂಕ್ಷ್ಮ ಪ್ರದೇಶವೆಂದಿತು. ಹೊಸ ಪ್ರಾಧಿಕಾರ ಬೇಡ, ಇರುವ ವ್ಯವಸ್ಥೆಯನ್ನೇ ಬಲಪಡಿಸಿದರೆ ಸಾಕು ಎಂದಿತು. ಇರುವ ವ್ಯವಸ್ಥೆ ಎಂದರೆ ಗಾರ್ಡೇ. ಆಮೇಲಿನದು ಬೇಸರದ ಕಥೆ: 2014ರ ಮಾರ್ಚಿನಲ್ಲಿ ಮೊದಲ ಕರಡು ಅಧಿಸೂಚನೆ, ಅವಧಿ ಮುಗಿಯಿತೆಂದು ಮತ್ತೊಂದು, ಮಗದೊಂದು, ನಡುವೆ 2022ರಲ್ಲಿ ಹೊಸದೊಂದು ಸಮಿತಿ.

ಕ್ಲೆಗಾರ್ನ್‌ನ ನಾಡಿಗೆ ಒಮ್ಮೆ ಹೋಗಿ ಬರೋಣ. ಇಪ್ಸ್‌ವಿಚ್ಚಿನಲ್ಲಿ ಆ ಮೊದಲ ವರದಿ ಓದಿ 157 ವರ್ಷವಾದ ಮೇಲೆ, 2008ರ ನವೆಂಬರಿನಲ್ಲಿ ಬ್ರಿಟನ್ ಹವಾಮಾನ ಬದಲಾವಣೆ ಕಾಯಿದೆ ಮಾಡಿ ಒಂದು ಸಮಿತಿಯನ್ನು ಸ್ಥಾಪಿಸಿತು. ಅದೂ ಹೇಳುವ ಸಮಿತಿಯೇ. ಒಂದು ಕಾರ್ಖಾನೆ ಮುಚ್ಚಿಸುವ ಅಧಿಕಾರವೂ ಅದಕ್ಕಿಲ್ಲ. ಆದರೆ ಕಾಯಿದೆಯಲ್ಲಿ ಒಂದು ಕೀಲು ಇಟ್ಟಿದ್ದಾರೆ. ಐದೈದು ವರ್ಷಕ್ಕೆ ದೇಶ ಎಷ್ಟು ಇಂಗಾಲ ಉಗುಳಬಹುದೆಂದು ಸಮಿತಿ ಹೇಳುತ್ತದೆ. ಸರ್ಕಾರ ಬೇರೆ ಲೆಕ್ಕ ಇಟ್ಟುಕೊಳ್ಳಬಹುದು, ಆದರೆ ಯಾಕೆ ಎಂದು ಬರೆದು ಪ್ರಕಟಿಸಬೇಕು. ಸಮಿತಿ ಪ್ರತಿ ವರ್ಷ ಜೂನಿನೊಳಗೆ ಪ್ರಗತಿಯ ವರದಿ ಕೊಡುತ್ತದೆ. ಸರ್ಕಾರ ಅಕ್ಟೋಬರ್ 15ರೊಳಗೆ ಪಾರ್ಲಿಮೆಂಟಿನಲ್ಲಿ ಅದಕ್ಕೆ ಉತ್ತರ ಇಡಬೇಕು. ಹೇಳುವವನಿಗೆ ಕೋಲು ಕೊಟ್ಟಿಲ್ಲ, ಕೇಳಿಸಿಕೊಳ್ಳುವವನಿಗೆ ಸುಮ್ಮನಿರುವ ಸ್ವಾತಂತ್ರ್ಯ ಕೊಟ್ಟಿಲ್ಲ. 2019ರಲ್ಲಿ ಈ ಸಮಿತಿಯ ಸಲಹೆಯಂತೆಯೇ 2050ಕ್ಕೆ ನಿವ್ವಳ ಸೊನ್ನೆ ಎಂಬ ಗುರಿ ಕಾಯಿದೆಯಾಯಿತು. ಸರ್ಕಾರದ ಯೋಜನೆ ಕಾಯಿದೆಗೆ ತಕ್ಕಂತಿಲ್ಲವೆಂದು 2022ರಲ್ಲೂ 2024ರಲ್ಲೂ ಅಲ್ಲಿನ ಹೈಕೋರ್ಟು ತೀರ್ಪು ಕೊಟ್ಟಿತು. ಕೋರ್ಟಿಗೆ ಹೋದವರು ಸಮಿತಿಯವರಲ್ಲ, ಹೊರಗಿನ ಸಂಘಟನೆಗಳು. ಇದನ್ನು ರಾಮರಾಜ್ಯ ಎಂದು ನಾನು ಹೇಳುತ್ತಿಲ್ಲ. ಸಮಿತಿಯ ಆಕ್ಷೇಪವಿದ್ದೂ 2022ರ ಡಿಸೆಂಬರಿನಲ್ಲಿ ಕಂಬ್ರಿಯಾದ ಹೊಸ ಕಲ್ಲಿದ್ದಲು ಗಣಿಗೆ ಸರ್ಕಾರ ಅನುಮತಿ ಕೊಟ್ಟಿತ್ತು. ಎರಡು ವರ್ಷದೊಳಗೆ ಕೋರ್ಟು ಅದನ್ನು ರದ್ದು ಮಾಡಬೇಕಾಯಿತು.

ನಮ್ಮಲ್ಲಿ 2007ರಲ್ಲಿ ಪ್ರಧಾನಮಂತ್ರಿಯ ಹವಾಮಾನ ಮಂಡಳಿ ರಚನೆಯಾಯಿತು, 2008ರಲ್ಲಿ ಎಂಟು ಅಭಿಯಾನಗಳ ರಾಷ್ಟ್ರೀಯ ಯೋಜನೆ ಬಂತು. ಮಂಡಳಿಗೆ ಕಾಯಿದೆಯ ಬೆಂಬಲವಿಲ್ಲ, ಅದು ಹೇಳಿದ್ದಕ್ಕೆ ಯಾರೂ ಸಂಸತ್ತಿನಲ್ಲಿ ಉತ್ತರ ಕೊಡಬೇಕಾಗಿಲ್ಲ. ಹಾಗಾದರೆ ಅಧಿಕಾರವನ್ನೇ ಕೊಟ್ಟುಬಿಡಿ ಎನ್ನುವವರಿಗೆ ದೆಹಲಿಯ ಗಾಳಿಯ ಉದಾಹರಣೆ ಇದೆ. ಅಲ್ಲಿ 1998ರಿಂದ ಇದ್ದ ಪ್ರಾಧಿಕಾರವನ್ನು 2020ರಲ್ಲಿ ತೆಗೆದು, ಮರುವರ್ಷ ಸಂಸತ್ತಿನ ಕಾಯಿದೆಯ ಮೂಲಕವೇ ಆಯೋಗವೊಂದನ್ನು ಮಾಡಿದರು. ಅದರ ಆಜ್ಞೆ ಮೀರಿದವರಿಗೆ ಐದು ವರ್ಷದವರೆಗೆ ಸಜೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಇಷ್ಟು ಉದ್ದದ ಕೋಲು ನಮ್ಮ ರೇಂಜರನ ಕೈಯಲ್ಲೂ ಇರಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟು ಆ ಆಯೋಗವನ್ನೇ ನಿಲ್ಲಿಸಿಕೊಂಡು, ಕೊಟ್ಟ ಅಧಿಕಾರವನ್ನು ಯಾಕೆ ಬಳಸಿಲ್ಲ ಎಂದು ಕೇಳಬೇಕಾಯಿತು. ಚಳಿಗಾಲದ ದೆಹಲಿಗೆ ಹೋಗಿ ಬಂದವರನ್ನು ಕೇಳಿದರೆ ಉಳಿದದ್ದನ್ನು ಹೇಳುತ್ತಾರೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಕುಸಿದು ಬಿತ್ತು. ರಸ್ತೆ ಬದಿಯ ಚಹಾದ ಅಂಗಡಿ, ನಿಂತಿದ್ದ ಲಾರಿ, ಜನ, ಎಲ್ಲವನ್ನೂ ಗಂಗಾವಳಿಗೆ ತಳ್ಳಿತು. ನಮ್ಮ ಬೇಡ್ತಿಯೇ ಘಟ್ಟ ಇಳಿದು ಗಂಗಾವಳಿಯಾಗುವುದು. ಎರಡು ವಾರದ ಮೇಲೆ, ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಊರೂರೇ ಕೊಚ್ಚಿಹೋದವು. ಮರುದಿನದ ತಾರೀಖಿನಲ್ಲಿ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಆರನೆಯ ಕರಡು ಅಧಿಸೂಚನೆ ಹೊರಡಿಸಿತು: 56,825 ಚದರ ಕಿಲೋಮೀಟರು, ಅದರಲ್ಲಿ ಕರ್ನಾಟಕದ್ದು 20,668. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ವರದಿ ಜಾರಿಯಾಗಿದ್ದರೆ ಶಿರೂರಿನ ಗುಡ್ಡ ನಿಲ್ಲುತ್ತಿತ್ತು ಎಂದು ನಾನು ಹೇಳಲಾರೆ. ಅಂಥ ಗುಡ್ಡದ ಬುಡ ಕಡಿಯಬಹುದೇ ಎಂದು ಕೇಳಬಲ್ಲ, ಕೇಳಿದರೆ ಉತ್ತರ ಪಡೆಯಬಲ್ಲ ಒಂದು ಜಾಗ ಅಂಕೋಲೆಯಲ್ಲೂ ಇರಲಿಲ್ಲ, ಬೆಂಗಳೂರಿನಲ್ಲೂ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಶಾಲೆಯ ಜಗಲಿಯ ಆ ಸಭೆಯಲ್ಲಿ ಕೊನೆಗೆ ಏನಾಯಿತೆಂದು ಹೇಳುವುದು ಬಾಕಿ ಇದೆ. ಗಾರ್ಡು ಯಾರು ಎಂಬ ಪ್ರಶ್ನೆಯ ನಂತರ ಚರ್ಚೆ ಮುಂದುವರಿಯಲಿಲ್ಲ. ಚಹಾ ಬಂತು. ವರದಿಯನ್ನು ವಿರೋಧಿಸುವುದಾಗಿ ಒಂದೇ ಸಾಲಿನ ಠರಾವು ಬರೆದರು. ಪುಸ್ತಕ ಕೈಯಿಂದ ಕೈಗೆ ಬಂತು. ಎರಡೂ ವರದಿಗಳನ್ನು ಓದಿದ್ದ ಏಕೈಕ ಮನುಷ್ಯನಾದ ನಾನೂ ಸಹಿ ಮಾಡಿದೆ. ಮಾಡದಿದ್ದರೆ ಮರುದಿನ ಕೊಯ್ಲಿಗೆ ಆಳು ಬರುತ್ತಿರಲಿಲ್ಲ ಎಂಬ ಅಳುಕು ಇತ್ತು. ಅದಕ್ಕಿಂತ ಹೆಚ್ಚಾಗಿ, ಅವರ ಪ್ರಶ್ನೆಗೆ ಉತ್ತರ ಕೊಡಲಾರದವನು ಯಾವ ಮುಖದಲ್ಲಿ ಬೇರೆ ಬರೆಯಲಿ ಎಂದೂ ಅನ್ನಿಸಿತ್ತು.

ಆ ಹಿರಿಯರು ಈಗಿಲ್ಲ. ಅವರ ಮಗ ಪಂಚಾಯ್ತಿಯ ಸದಸ್ಯನಾಗಿದ್ದ ಅವಧಿಯಲ್ಲಿ ಒಮ್ಮೆ ಹಳೆಯ ಕಾಗದ ಹುಡುಕಿಸಿ ನೋಡಿದೆ. ನಮ್ಮ ಠರಾವು ಕಳಿಸಿದ್ದಕ್ಕೆ ರವಾನೆಯ ನಂಬರಿದೆ, ತಾರೀಖಿದೆ. ಅದು ಎಲ್ಲಿಗೆ ಹೋಯಿತು, ಯಾರು ಓದಿದರು ಗೊತ್ತಿಲ್ಲ. ಉತ್ತರ ಬಂದದ್ದು ದಾಖಲೆಯಲ್ಲಿಲ್ಲ.